ತಗ್ಗಿನ ಮನೆಗೆ ಇಂಟರ್ನೆಟ್, ಹಳ್ಳದ ಮೋಟಾರಿಗೆ ರಿಮೋಟ್: ತೋಟದ ವೈರ್‌ಲೆಸ್ ಲೆಕ್ಕ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟ. ಮನೆ ತಗ್ಗಿನಲ್ಲಿದೆ. ಒಳಗೆ ಮೊಬೈಲ್ ಸಿಗ್ನಲ್ ಇಲ್ಲ, ಗುಡ್ಡದ ಮೇಲಿನ ಕಣಕ್ಕೆ ಹೋದರೆ ಎರಡು ಕಡ್ಡಿ ಬರುತ್ತದೆ. ಈಗ ರಸ್ತೆ ಬದಿಯ ನಮ್ಮ ಗೋಡೌನ್‌ಗೆ ಫೈಬರ್ ಇಂಟರ್ನೆಟ್ ಬಂದಿದೆ. ಅಲ್ಲಿಂದ ಮನೆಗೆ ನೇರ ದೂರ 1.2 ಕಿ.ಮೀ., ಮಧ್ಯೆ ಪೂರ್ತಿ ತೋಟ. ಬೂಸ್ಟರ್ ಹಾಕಿಸಿ ಎನ್ನುತ್ತಾರೆ ಕೆಲವರು, ವೈಫೈ ಎಳೆಯಬಹುದು ಎನ್ನುತ್ತಾರೆ ಇನ್ನು ಕೆಲವರು. ಮನೆಯಿಂದ ಸುಮಾರು 800 ಮೀಟರ್ ಕೆಳಗೆ ಹಳ್ಳದ ಹತ್ತಿರ ಇರುವ ಮೋಟಾರನ್ನೂ ಕೂತಲ್ಲಿಂದಲೇ ಆನ್-ಆಫ್ ಮಾಡಬೇಕು. ವೈಫೈ, ಬ್ಲೂಟೂತ್, 4ಜಿ, ಲೋರಾ, ವಾಕಿಟಾಕಿ ಎಲ್ಲವೂ ವೈರ್‌ಲೆಸ್ಸೇ ಆದರೆ ಒಂದು ಮಾಡುವ ಕೆಲಸ ಇನ್ನೊಂದು ಯಾಕೆ ಮಾಡುವುದಿಲ್ಲ?

ಉತ್ತರ: ಬೂಸ್ಟರ್ ವಿಚಾರ ಮೊದಲು ಮುಗಿಸಿಬಿಡೋಣ. ಬೇಡ. ಮೊಬೈಲ್ ಕಂಪನಿಗಳ ತರಂಗಾಂತರದಲ್ಲಿ ಕೆಲಸ ಮಾಡುವ ಬೂಸ್ಟರನ್ನು ಖಾಸಗಿಯವರು ತಂದು ಹಾಕಿಕೊಳ್ಳುವುದು ನಮ್ಮಲ್ಲಿ ಕಾನೂನುಬಾಹಿರ. ಹಾಕುವುದಿದ್ದರೆ ಪರವಾನಗಿ ಇರುವ ಮೊಬೈಲ್ ಕಂಪನಿಯೇ ಹಾಕಬೇಕು. ಕಾನೂನು ಹಾಗಿರುವುದಕ್ಕೆ ಕಾರಣವೂ ಇದೆ. ಹೊರಗಿನ ಆಂಟೆನಾ ಮತ್ತು ಒಳಗಿನ ಆಂಟೆನಾ ಹತ್ತಿರ ಹತ್ತಿರ ಇದ್ದರೆ ಬೂಸ್ಟರ್ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಮತ್ತೆ ಹಿಗ್ಗಿಸುತ್ತದೆ. ಮೈಕ್ ಎದುರು ಸ್ಪೀಕರ್ ಇಟ್ಟರೆ ಕೂಗುವುದಿಲ್ಲವೇ, ಹಾಗೆ. ಆ ಕೂಗು ಟವರಿಗೆ ಹೋಗಿ ಮುಟ್ಟಿ ಅಕ್ಕಪಕ್ಕದ ಊರಿನವರ ಕರೆಗಳೂ ಕಡಿಯುತ್ತವೆ. ನಿಮಗೆ ಅದರ ಅಗತ್ಯವೂ ಇಲ್ಲ. ಮನೆಗೆ ಇಂಟರ್ನೆಟ್ ಬಂದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಸಾಕು, ಕರೆಗಳು ಅದೇ ದಾರಿಯಲ್ಲಿ ಬಂದು ಹೋಗುತ್ತವೆ. ಹಲವು ಫೋನ್‌ಗಳಲ್ಲಿ ಎಸ್ಸೆಮ್ಮೆಸ್ ಕೂಡ ಬರುತ್ತದೆ, ಆದರೆ ಬ್ಯಾಂಕಿನ ಒಟಿಪಿ ಬರುತ್ತದೋ ಇಲ್ಲವೋ ಎಂದು ಒಮ್ಮೆ ಪರೀಕ್ಷಿಸಿ ಆಮೇಲೆ ನಂಬಿ. ಹಳೆಯ ಅಥವಾ ಅಗ್ಗದ ಫೋನುಗಳಲ್ಲಿ ಈ ಸೌಲಭ್ಯ ಇಲ್ಲದಿರಬಹುದು.

ಇನ್ನು ಒಂದರ ಕೆಲಸ ಇನ್ನೊಂದು ಯಾಕೆ ಮಾಡುವುದಿಲ್ಲ ಎನ್ನುವುದು. ಎಲ್ಲವೂ ರೇಡಿಯೊ ಅಲೆಗಳೇ, ಎಲ್ಲದರ ವೇಗವೂ ಒಂದೇ. ಬೇರೆಯಾಗುವುದು ಅಲೆಯ ಉದ್ದ, ಬಳಸುವ ತರಂಗಾಂತರ ಪಟ್ಟಿಯ ಅಗಲ ಮತ್ತು ಶಕ್ತಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಸ್ ಅಲೆ ಸುಮಾರು 2.9 ಮೀಟರ್, ಲೋರಾದ (ಸಣ್ಣ ಸಂದೇಶಗಳನ್ನು ನಿಧಾನವಾಗಿ ದೂರಕ್ಕೆ ಕಳಿಸುವ ರೇಡಿಯೊ) 866 ಮೆಗಾಹರ್ಟ್ಸ್ 35 ಸೆಂಟಿಮೀಟರ್, 2.4 ಗಿಗಾಹರ್ಟ್ಸ್ ವೈಫೈ 12 ಸೆಂಟಿಮೀಟರ್, 5.8 ಗಿಗಾಹರ್ಟ್ಸ್ ವೈಫೈ 5 ಸೆಂಟಿಮೀಟರ್. ಉದ್ದದ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಎಲೆಗಳ ನಡುವೆ ನುಸುಳುತ್ತದೆ. ಗಿಡ್ಡ ಅಲೆ ಎಲೆ ಸಿಕ್ಕಲ್ಲೆಲ್ಲ ಚೆದುರಿ ಸೋರುತ್ತದೆ. ಹಾಗಿದ್ದರೆ ಎಲ್ಲದಕ್ಕೂ ಉದ್ದದ ಅಲೆಯನ್ನೇ ಬಳಸಬಾರದೇಕೆ? ಅಲ್ಲಿ ಜಾಗ ಕಡಿಮೆ. ನಮ್ಮ ದೇಶದಲ್ಲಿ 866ರ ಆಸುಪಾಸಿನಲ್ಲಿ ಪರವಾನಗಿ ಬೇಡದ ಪಟ್ಟಿ ಕೆಲವೇ ಮೆಗಾಹರ್ಟ್ಸ್ ಅಗಲದ್ದು, ಅದರಲ್ಲೂ ಲೋರಾ ಒಂದು ಸಲಕ್ಕೆ 125 ಕಿಲೋಹರ್ಟ್ಸ್ ಮಾತ್ರ ಬಳಸುತ್ತದೆ. ವೈಫೈ ಒಂದೇ ಚಾನೆಲ್ಲಿಗೆ 20ರಿಂದ 80 ಮೆಗಾಹರ್ಟ್ಸ್ ತೆಗೆದುಕೊಳ್ಳುತ್ತದೆ. ಅಗಲ ಇದ್ದಲ್ಲಿ ವಿಡಿಯೊ ಹರಿಯುತ್ತದೆ. ಕಿರಿದಾದ ಕಡೆ ನಿಧಾನವಾಗಿ ಕಳಿಸಿದ ಸಣ್ಣ ಸಂದೇಶ ಸದ್ದಿನ ಮಟ್ಟಕ್ಕಿಂತ ಕೆಳಗೆ ಹೂತಿದ್ದರೂ ಅದನ್ನು ಹೆಕ್ಕಿ ತೆಗೆಯಬಹುದು. ಬ್ಲೂಟೂತ್ ವೈಫೈನ ಪಟ್ಟಿಯಲ್ಲೇ ಇದ್ದರೂ ಅದರ ಶಕ್ತಿ ಕೆಲವೇ ಮಿಲಿವ್ಯಾಟ್. ಒಂದು ಕೋಣೆಯ ಮಟ್ಟಿಗೆ ಸರಿ, ನಿಮ್ಮ ಕೆಲಸಕ್ಕೆ ಬಾರದು. ಆದ್ದರಿಂದ ಮನೆಯ ಇಂಟರ್ನೆಟ್ಟಿಗೆ 5 ಗಿಗಾಹರ್ಟ್ಸ್ ಲಿಂಕ್, ಮೋಟಾರಿಗೆ ಲೋರಾ: ಎರಡೂ ಬೇರೆ ಬೇರೆ ವ್ಯವಸ್ಥೆಗಳು. ಒಂದರಲ್ಲೇ ಎರಡನ್ನೂ ಮುಗಿಸಲು ಹೋದವರು ಸಾಮಾನ್ಯವಾಗಿ ಎರಡನ್ನೂ ಕಳೆದುಕೊಳ್ಳುತ್ತಾರೆ.

ದೂರದ ಬಗ್ಗೆ ನಿಮಗೆ ಭಯ ಇದ್ದಂತಿದೆ. 1.2 ಕಿ.ಮೀ. ರೇಡಿಯೊಗೆ ಏನೂ ಅಲ್ಲ. ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಭೂಸ್ಥಿರ ಉಪಗ್ರಹಗಳ ಜೊತೆ ಸಂಪರ್ಕದಲ್ಲಿದೆ, ಅವು ಇರುವುದು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ದೊಡ್ಡ ಆಂಟೆನಾ ಇದೆ ನಿಜ. ಅದರ ಜೊತೆಗೆ ಮಧ್ಯೆ ಒಂದೇ ಒಂದು ಮರವಿಲ್ಲ ಎನ್ನುವುದನ್ನೂ ಗಮನಿಸಿ. ನಿಮ್ಮ ತೋಟದಲ್ಲಿ ಅಡ್ಡ ಬರುವುದು ಸಿಲ್ವರ್ ಓಕ್, ಅತ್ತಿ, ಹಲಸು ಮತ್ತು ಆ ಗುಡ್ಡ.

ಅಂಕಿಗಳಲ್ಲಿ ನೋಡಿ. ರೇಡಿಯೊದವರು ಡೆಸಿಬೆಲ್‌ನಲ್ಲಿ ಲೆಕ್ಕ ಹಾಕುತ್ತಾರೆ: 3 ಡಿಬಿ ಕಳೆದರೆ ಶಕ್ತಿ ಅರ್ಧ, 10 ಡಿಬಿ ಕಳೆದರೆ ಹತ್ತನೇ ಒಂದು, 30 ಡಿಬಿ ಕಳೆದರೆ ಸಾವಿರದಲ್ಲಿ ಒಂದು. 5.8 ಗಿಗಾಹರ್ಟ್ಸ್‌ನಲ್ಲಿ 1.2 ಕಿ.ಮೀ. ಬಯಲು ದಾಟುವಾಗ ಆಗುವ ನಷ್ಟ ಸುಮಾರು 109 ಡಿಬಿ. ಕಳಿಸುವ ಶಕ್ತಿ 20 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿ ಹೇಳುವ ಶಕ್ತಿ), ಎರಡೂ ಕಡೆ 16 ಡಿಬಿಐ (ಆಂಟೆನಾ ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವ ಅಳತೆ) ಆಂಟೆನಾ ಎಂದಿಟ್ಟುಕೊಂಡರೆ 20 + 16 + 16 − 109, ಅಂದರೆ −57 ಡಿಬಿಎಂ ಮನೆಗೆ ತಲುಪಬೇಕು. ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಇದು ಬಹಳ ಒಳ್ಳೆಯ ಸಿಗ್ನಲ್, −65ರ ಒಳಗಿದ್ದರೆ ಯಾವ ಚಿಂತೆಯೂ ಇಲ್ಲ. ಈಗ ಅದೇ ದಾರಿಯಲ್ಲಿ 100 ಮೀಟರ್‌ನಷ್ಟು ಮರದ ಹಂದರ ಅಡ್ಡ ಬಂತು ಎನ್ನಿ. ಎಲೆಗಳ ನಷ್ಟ ಅಂದಾಜಿಸುವ ಸೂತ್ರದ ಪ್ರಕಾರ ಇನ್ನೂ 33 ಡಿಬಿ ಹೋಯಿತು. ಉಳಿದದ್ದು −90. ಲಿಂಕ್ ಸತ್ತಂತೆಯೇ. 1,100 ಮೀಟರ್ ಬಯಲು ಮಾಡದ ಕೆಡುಕನ್ನು 100 ಮೀಟರ್ ಎಲೆ ಮಾಡಿತು. ಮಳೆಗಾಲದಲ್ಲಿ ಎಲೆ ನೆನೆದಾಗ ಇನ್ನಷ್ಟು ಹೋಗುತ್ತದೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಆದ ಹೊಸದರಲ್ಲಿ ಲಿಂಕ್ ಜೋಡಿಸಿ ಚೆನ್ನಾಗಿ ಬಂತೆಂದು ಬೀಗುವವರು, ಚಿಗುರು ತುಂಬಿಕೊಂಡು ಮಳೆ ಹಿಡಿದಾಗ ರೂಟರನ್ನು ಬೈಯುವುದು ಇದಕ್ಕೇ.

ಮಳೆಯೇ ಸಿಗ್ನಲ್ ನುಂಗುತ್ತದೆ ಎನ್ನುವ ಮಾತು ಅರ್ಧ ಸತ್ಯ. 5.8 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 100 ಮಿಲಿಮೀಟರ್ ಲೆಕ್ಕದ ಜಡಿಮಳೆ ಕೂಡ ಕಿಲೋಮೀಟರಿಗೆ 1 ಡಿಬಿ ಆಸುಪಾಸು ಮಾತ್ರ ಕಳೆಯುತ್ತದೆ. ಟಿವಿಯ ಡಿಶ್ ಮಳೆಗೆ ನಿಲ್ಲುವುದು ಅದು 11-12 ಗಿಗಾಹರ್ಟ್ಸ್‌ನಲ್ಲಿ ಇರುವುದರಿಂದ, ಅಲ್ಲಿ ಅದೇ ಮಳೆಗೆ ಐದಾರು ಪಟ್ಟು ನಷ್ಟ.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ದಾರಿ ನೋಡಿ. ಬಿಸಿಲಿರುವಾಗ ಒಬ್ಬರು ಗೋಡೌನಿನ ಮೇಲೆ ನಿಂತು ಕೈಗನ್ನಡಿಯಿಂದ ಬೆಳಕು ಹೊಡೆಯಲಿ, ಇನ್ನೊಬ್ಬರು ಮನೆಯ ತಾರಸಿಯಿಂದ ನೋಡಲಿ. ಬೆಳಕು ಕಂಡರೆ ಅರ್ಧ ಗೆದ್ದಿರಿ. ಅರ್ಧ ಎಂದದ್ದಕ್ಕೆ ಕಾರಣ, ರೇಡಿಯೊಗೆ ಕಣ್ಣಿಗೆ ಬೇಕಾದಷ್ಟೇ ಸಂದು ಸಾಲದು. ಎರಡು ಆಂಟೆನಾಗಳ ನಡುವೆ, ಮಧ್ಯದಲ್ಲಿ ದಪ್ಪಗಿರುವ ಒಂದು ಉದ್ದನೆಯ ಹಾದಿ ಖಾಲಿ ಇರಬೇಕು. 1.2 ಕಿ.ಮೀ.ಗೆ 5.8 ಗಿಗಾಹರ್ಟ್ಸ್‌ನಲ್ಲಿ ಅದರ ತ್ರಿಜ್ಯ ನಟ್ಟನಡುವೆ ಸುಮಾರು 4 ಮೀಟರ್, ಅದರಲ್ಲಿ ಶೇ. 60, ಅಂದರೆ 2.4 ಮೀಟರ್ ಆದರೂ ಸುತ್ತಲೂ ತೆರವಿರಬೇಕು. 2.4 ಗಿಗಾಹರ್ಟ್ಸ್ ಆದರೆ ಈ ತ್ರಿಜ್ಯ 6 ಮೀಟರ್. ಗೂಗಲ್ ಅರ್ಥ್‌ನಲ್ಲಿ ಗೋಡೌನಿನಿಂದ ಮನೆಗೆ ಗೆರೆ ಎಳೆದು ಎತ್ತರದ ನಕ್ಷೆ ತೆಗೆದರೆ ಗುಡ್ಡ ಅಡ್ಡ ಬರುತ್ತದೆಯೇ ಎಂದು ತಿಳಿಯುತ್ತದೆ, ಆದರೆ ಅದು ನೆಲದ ಎತ್ತರ. ಅದರ ಮೇಲೆ ಸಿಲ್ವರ್ ಮರಕ್ಕೆ 25-30 ಮೀಟರ್ ನೀವೇ ಸೇರಿಸಿಕೊಳ್ಳಬೇಕು.

ನೀವು ಬರೆದಿರುವುದನ್ನು ನೋಡಿದರೆ ಗೋಡೌನಿನಿಂದ ತಗ್ಗಿನ ಮನೆ ನೇರ ಕಾಣುವ ಸಂಭವ ಕಡಿಮೆ. ಕಣ ಗುಡ್ಡದ ಮೇಲಿದೆ, ಕಣವೆಂದರೆ ಹೇಗೂ ಬಯಲು. ಅಲ್ಲಿಂದ ಎರಡೂ ಕಂಡರೆ ನಿಮ್ಮ ಕೊಂಡಿ ಅದೇ: ಗೋಡೌನಿನಿಂದ ಕಣಕ್ಕೊಂದು ಜೋಡಿ, ಕಣದಿಂದ ಮನೆಗೊಂದು ಜೋಡಿ, ಒಟ್ಟು ನಾಲ್ಕು ರೇಡಿಯೊ. ಒಂದೇ ರೇಡಿಯೊವನ್ನು ಎರಡೂ ಕಡೆಗೆ ರಿಪೀಟರ್ ಮಾಡಿದರೆ ದುಡ್ಡು ಉಳಿಯುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ, ನಾಲ್ಕೇ ತೆಗೆದುಕೊಳ್ಳಿ. ಕಣದ ಎರಡು ರೇಡಿಯೊಗಳಿಗೆ ಬೇರೆ ಬೇರೆ ಚಾನೆಲ್ ಕೊಡಿ, ಒಂದೇ ಕಂಬದಲ್ಲಾದರೆ ಒಂದು ಮೀಟರ್ ಆದರೂ ಮೇಲೆ ಕೆಳಗೆ ಇರಲಿ.

ರೇಡಿಯೊ ಎಂದರೆ ಇಲ್ಲಿ 5 ಗಿಗಾಹರ್ಟ್ಸ್‌ನ, ಆಂಟೆನಾ ಒಳಗೇ ಇರುವ, ಹೊರಗೆ ಕಂಬಕ್ಕೆ ಕಟ್ಟುವ ಮಾದರಿ. ಮನೆಯೊಳಗಿನ ರೂಟರಿಗೆ ಉದ್ದನೆಯ ಕೇಬಲ್ ಹಾಕಿ ಆಂಟೆನಾ ಮೇಲೆತ್ತುವ ಐಡಿಯಾ ಯಾರಾದರೂ ಕೊಟ್ಟರೆ ಒಪ್ಪಬೇಡಿ. 10 ಮೀಟರ್ ತೆಳು ಆರ್‌ಜಿ58 ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲೇ ಸುಮಾರು 10 ಡಿಬಿ ತಿನ್ನುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಯಿತು. ರೇಡಿಯೊ ಮೇಲಿರಲಿ, ಕೆಳಗೆ ಬರುವುದು ನೆಟ್‌ವರ್ಕ್ ಕೇಬಲ್ ಆಗಿರಲಿ. ಅದರಲ್ಲೇ ಕರೆಂಟೂ ಹೋಗುತ್ತದೆ. ಕೇಬಲ್ ಕ್ಯಾಟ್6, ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯದು, ಒಳಗೆ ಶುದ್ಧ ತಾಮ್ರ. ಅಗ್ಗದ ಕೇಬಲ್ಲಿನಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಇರುತ್ತದೆ. ವೋಲ್ಟೇಜ್ ಬಿದ್ದು ರೇಡಿಯೊ ರಾತ್ರಿ ಹೊತ್ತು ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ತುದಿಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಒಂದು ಓಟ 100 ಮೀಟರ್ ದಾಟಬಾರದು. ಕನೆಕ್ಟರ್ ಒಳಹೋಗುವ ಮುಂಚೆ ಕೇಬಲ್ಲನ್ನು ಕೆಳಕ್ಕೆ ಒಂದು ಸುತ್ತು ಬಗ್ಗಿಸಿ ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಕಣದಲ್ಲಿ ಕರೆಂಟ್ ಇದ್ದರೆ ಸುಲಭ, ಚಿಕ್ಕ ಯುಪಿಎಸ್ ಸಾಕು. ಇಲ್ಲದಿದ್ದರೆ ಸೋಲಾರ್, ಮತ್ತು ಸೋಲಾರ್ ಲೆಕ್ಕವನ್ನು ಬೇಸಿಗೆ ನೋಡಿ ಹಾಕಬೇಡಿ. ರೇಡಿಯೊ ಒಂದಕ್ಕೆ 8 ವ್ಯಾಟ್ ಎಂದರೆ ಎರಡಕ್ಕೆ 16, ದಿನಕ್ಕೆ 384 ವ್ಯಾಟ್-ಅವರ್. ಮೋಡ ಕವಿದ ಮೂರು ದಿನಕ್ಕೆ ಸುಮಾರು 1,150. 12 ವೋಲ್ಟ್ 100 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಸರಿಯಾಗಿ ಸಾಲುತ್ತದೆ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ ಎರಡು ಬೇಕು. ಜುಲೈಯಲ್ಲಿ ದಿನಕ್ಕೆ ಎರಡು ಗಂಟೆಯ ಪೂರ್ತಿ ಬಿಸಿಲಿಗೆ ಸಮನಾದ ಬೆಳಕು ಸಿಕ್ಕೀತು ಎಂದು ಹಿಡಿದು, ನಷ್ಟಗಳನ್ನೂ ಸೇರಿಸಿದರೆ 300 ವ್ಯಾಟ್ ಪ್ಯಾನೆಲ್ ಆಗುತ್ತದೆ. 40 ವ್ಯಾಟಿನ ಪ್ಯಾನೆಲ್ ಸಾಕು ಎನ್ನುವ ಅಂಗಡಿಯವರು ಮಳೆಗಾಲ ಲೆಕ್ಕಕ್ಕೆ ಹಿಡಿದಿಲ್ಲ.

ಜೋಡಿಸುವಾಗ ಮಾಡುವ ತಪ್ಪು ಹೆಚ್ಚಾಗಿ ಒಂದೇ. ರೇಡಿಯೊ ತಿರುಗಿಸುತ್ತಾ ಸಿಗ್ನಲ್ ಒಮ್ಮೆ ಏರಿದ ಕೂಡಲೇ ನಟ್ ಬಿಗಿ ಮಾಡಿಬಿಡುತ್ತಾರೆ. ಆಂಟೆನಾಗೆ ಮುಖ್ಯ ಕಿರಣದ ಜೊತೆ ಅಕ್ಕಪಕ್ಕ ಚಿಕ್ಕ ಚಿಕ್ಕ ಕಿರಣಗಳೂ ಇರುತ್ತವೆ, ಅವರು ಹಿಡಿದಿರುವುದು ಆ ಮರಿಕಿರಣವನ್ನು. ಒಂದು ತುದಿಯನ್ನು ಅಲುಗಾಡದಂತೆ ಇಟ್ಟು ಇನ್ನೊಂದನ್ನು ಎಡದಿಂದ ಬಲದವರೆಗೆ ಪೂರ್ತಿ ನಿಧಾನವಾಗಿ ತಿರುಗಿಸಿ, ಪ್ರತಿ ಐದು ಡಿಗ್ರಿಗೆ ನಿಂತು ಅಂಕಿ ಬರೆದುಕೊಳ್ಳಿ. ಏರಿಳಿತ ಎರಡು ಮೂರು ಕಡೆ ಕಾಣುತ್ತದೆ, ಎಲ್ಲಕ್ಕಿಂತ ಎತ್ತರದ್ದಕ್ಕೆ ಮರಳಿ ಬನ್ನಿ. ಆಮೇಲೆ ಮೇಲೆ ಕೆಳಗೆ. ತಗ್ಗಿನ ಮನೆಯ ಕಡೆಗೆ ಮುಖ ಕೆಳಕ್ಕೆ ಬಾಗಬೇಕು ಎನ್ನುವುದನ್ನು ಮರೆಯುವವರೇ ಹೆಚ್ಚು. ನಂತರ ಇನ್ನೊಂದು ತುದಿಯಲ್ಲೂ ಇದನ್ನೇ ಮಾಡಿ. ನಿಮ್ಮ ದೂರಕ್ಕೆ ಲೆಕ್ಕ ಹಾಕಿದ ಅಂಕಿಗೂ ಬಂದ ಅಂಕಿಗೂ ಐದಾರು ಡಿಬಿ ವ್ಯತ್ಯಾಸ ಇದ್ದರೆ ಸಹಜ. 12-15 ಇದ್ದರೆ ದಿಕ್ಕು ತಪ್ಪಿದೆ ಅಥವಾ ದಾರಿಯಲ್ಲಿ ಕೊಂಬೆ ಇದೆ. ಶಕ್ತಿ ಹೆಚ್ಚಿಸಿ ಸರಿಮಾಡಲು ಹೋಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ದೇಶ ಭಾರತ ಎಂದೇ ಇರಲಿ, 20 ಡಿಬಿಎಂ ಜೊತೆ 16 ಡಿಬಿಐ ಸೇರಿ 36 ಡಿಬಿಎಂ, ಅಂದರೆ 4 ವ್ಯಾಟ್ ಆಯಿತು, ಅದನ್ನು ದಾಟಬೇಡಿ. ಚಾನೆಲ್ ಅಗಲ 40 ಮೆಗಾಹರ್ಟ್ಸ್ ಸಾಕು. ಕಂಬದ ಬದಲು ಮರಕ್ಕೇ ಕಟ್ಟುವುದಾದರೆ ದೊಡ್ಡ ಡಿಶ್ ಮಾದರಿ ಬೇಡ. ಅದರ ಕಿರಣ ಹತ್ತು ಡಿಗ್ರಿಗೂ ಕಡಿಮೆ ಇರುತ್ತದೆ, ಗಾಳಿಗೆ ಮರ ತೂಗಿದಾಗ ಗುರಿ ತಪ್ಪುತ್ತದೆ.

ಕಣದಲ್ಲಿ ಸಿಗುವ ಎರಡು ಕಡ್ಡಿಯನ್ನೇ 4ಜಿ ರೂಟರ್ ಇಟ್ಟು ಮನೆಗೆ ಇಳಿಸಬಹುದಲ್ಲ ಎಂದು ಕೇಳಬಹುದು. ಫೈಬರ್ ಇರುವಾಗ ಅದು ಎರಡನೇ ಆಯ್ಕೆ. ಲೈನ್ ಕಡಿದಾಗ ಬದಲಿಗೆ ಬೇಕೆಂದರೆ ಇಡಿ, ಆದರೆ ಕಡ್ಡಿ ಎಣಿಸಬೇಡಿ. ಅನೇಕ ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಡಿಬಿಎಂ ಕಾಣುತ್ತದೆ: −90 ಚೆನ್ನಾಗಿದೆ, −105 ನಡೆಯುತ್ತದೆ, −115 ದಾಟಿದರೆ ನಂಬಿಕೆ ಇಲ್ಲ. ಎತ್ತರದ ಗುಡ್ಡದಲ್ಲಿ ಕಡ್ಡಿ ಪೂರ್ತಿ ಇದ್ದೂ ಡೇಟಾ ಹೋಗದಿರುವುದುಂಟು. ಅಲ್ಲಿಂದ ದೂರದೂರದ ಹತ್ತಾರು ಟವರ್ ಒಟ್ಟಿಗೆ ಕಾಣುವುದರಿಂದ ಒಂದರ ಸದ್ದಿನಲ್ಲಿ ಇನ್ನೊಂದು ಮುಳುಗುತ್ತದೆ. ನಿರ್ದಿಷ್ಟ ಟವರಿಗೆ ಮುಖ ಮಾಡಿದ ಆಂಟೆನಾ ಇದಕ್ಕೆ ಮದ್ದು.

ಇನ್ನು ಮೋಟಾರ್. ಪೇಟೆಯಲ್ಲಿ ಸಿಗುವ ಮೊಬೈಲ್ ಸ್ಟಾರ್ಟರ್‌ಗಳು ಸಿಮ್ ಹಾಕಿ ನಡೆಸುವಂಥವು. ಹಳ್ಳದ ಹತ್ತಿರ ಸಿಗ್ನಲ್ಲೇ ಇಲ್ಲದಿದ್ದರೆ ಅವು ದಂಡ. ಸಿಗ್ನಲ್ ಇದ್ದರೂ ಕೊಳ್ಳುವಾಗ 2ಜಿಯದೋ 4ಜಿಯದೋ ಕೇಳಿ, 2ಜಿ ಯಂತ್ರದಲ್ಲಿ ಜಿಯೋ ಸಿಮ್ ಕೆಲಸ ಮಾಡದು, ಅವರಿಗೆ 2ಜಿ ಜಾಲವೇ ಇಲ್ಲ. ರೀಚಾರ್ಜ್ ಮರೆತು ಸಿಮ್ ಸತ್ತರೆ ನೀರು ಬೇಕಾದ ಫೆಬ್ರವರಿ-ಮಾರ್ಚಿನಲ್ಲೇ ಗೊತ್ತಾಗುವುದು.

ಲೋರಾ ಆದರೆ ಸಿಮ್ಮೂ ಬೇಡ, ಟವರೂ ಬೇಡ. 866 ಮೆಗಾಹರ್ಟ್ಸ್‌ನಲ್ಲಿ 800 ಮೀಟರಿಗೆ ಬಯಲಿನ ನಷ್ಟ ಸುಮಾರು 89 ಡಿಬಿ. 14 ಡಿಬಿಎಂ ಕಳಿಸಿ, ಎರಡು ಕಡೆ 2 ಡಿಬಿಐ ಆಂಟೆನಾ ಇಟ್ಟರೆ −71. ಅರ್ಧ ದಾರಿ, 400 ಮೀಟರ್, ದಟ್ಟ ಎಲೆ ಎಂದರೆ ಇನ್ನು 43 ಕಳೆದು −114. ವೈಫೈ ಇಷ್ಟರಲ್ಲಿ ಎಂದೋ ಸತ್ತಿರುತ್ತಿತ್ತು. ಲೋರಾ ಎಸ್‌ಎಫ್10 ಎಂಬ ವೇಗದಲ್ಲಿ −132 ಆಸುಪಾಸಿನ ತನಕ ಕೇಳಿಸಿಕೊಳ್ಳುತ್ತದೆ, ಇನ್ನೂ 18 ಡಿಬಿ ಕೈಯಲ್ಲಿದೆ. ಎಸ್‌ಎಫ್12ಕ್ಕೆ ಹೋದರೆ ಮತ್ತೂ ನಾಲ್ಕೈದು ಸಿಗುತ್ತದೆ, ಆದರೆ 20 ಬೈಟಿನ ಸಂದೇಶಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಮಧ್ಯೆ ಮಣ್ಣಿನ ದಿಬ್ಬವೇ ಅಡ್ಡ ಇದ್ದರೆ ಈ ಲೆಕ್ಕ ನಡೆಯದು, ಮನೆಯ ಕಡೆಯ ಘಟಕವನ್ನು ಕಣಕ್ಕೆ ಏರಿಸಿ. ಮಾಡ್ಯೂಲ್ 868 ಅಥವಾ 865-867 ಮೆಗಾಹರ್ಟ್ಸ್‌ನದೇ ಇರಲಿ. 915 ಎಂದು ಬರೆದದ್ದು ಬೇರೆ ದೇಶಗಳಿಗೆ. ತಂತಿಯ ಆಂಟೆನಾ ಮಾಡಿಕೊಂಡರೆ ಉದ್ದ 8.6 ಸೆಂಟಿಮೀಟರ್, ಮತ್ತು ಆಂಟೆನಾ ಹಾಕದೆ ಪ್ರಸಾರ ಮಾಡಿಸಬೇಡಿ, ಹೊರಹೋಗಬೇಕಾದ ಶಕ್ತಿ ವಾಪಸ್ಸು ಬಂದು ಚಿಪ್ ಸುಡಬಹುದು.

ಅಪಾಯ ಇರುವುದು ರೇಡಿಯೊದಲ್ಲಲ್ಲ, ಸ್ಟಾರ್ಟರ್ ಪೆಟ್ಟಿಗೆಯಲ್ಲಿ. ಡಿಒಎಲ್ ಸ್ಟಾರ್ಟರಿನಲ್ಲಿ (ಗುಂಡಿ ಒತ್ತಿದರೆ ಮೋಟಾರನ್ನು ನೇರ ಲೈನಿಗೆ ಜೋಡಿಸುವಂಥದ್ದು) ಹಸಿರು ಗುಂಡಿಗೆ ಸಮಾನಾಂತರವಾಗಿ ಒಂದು ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್), ಅದು ಎರಡು ಸೆಕೆಂಡ್ ಒತ್ತಿ ಬಿಡಬೇಕು. ಕೆಂಪು ಗುಂಡಿಯ ಸಾಲಿನಲ್ಲಿ ಇನ್ನೊಂದು, ಮಾಮೂಲಿಯಾಗಿ ಮುಚ್ಚಿದ್ದು, ನಿಲ್ಲಿಸುವಾಗ ಮಾತ್ರ ತೆರೆಯುವುದು. ತ್ರೀ ಫೇಸ್ ಸ್ಟಾರ್ಟರುಗಳ ಕಾಯಿಲ್ ಬಹಳ ಕಡೆ ಎರಡು ಫೇಸ್ ನಡುವೆ, 415 ವೋಲ್ಟಿನದು. ಆನ್‌ಲೈನಿನಲ್ಲಿ ಸಿಗುವ ನೀಲಿ ರಿಲೇ ಮೇಲೆ 250 ವೋಲ್ಟ್ ಎಂದು ಬರೆದಿರುತ್ತದೆ. ಅದನ್ನು ನೇರ ಹಾಕಿದರೆ ಸಂಪರ್ಕ ಬಿಂದು ಬೆಸೆದುಕೊಂಡು ಮೋಟಾರ್ ನಿಲ್ಲುವುದೇ ಇಲ್ಲ. ಮಧ್ಯೆ 415 ವೋಲ್ಟ್ ತಡೆಯುವ ಚಿಕ್ಕ ಕಾಂಟ್ಯಾಕ್ಟರ್ (ಗಟ್ಟಿ ರಿಲೇ) ಹಾಕಿಸಿ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ಕೈಯಿಂದ ಹಿಡಿಕೆ ಎಳೆಯುವ ಹಳೆಯ ಆಯಿಲ್ ಸ್ಟಾರ್ಟರ್ ಇದ್ದರೆ ಅದನ್ನು ಮೊದಲು ಬದಲಿಸಬೇಕಾಗುತ್ತದೆ.

ಆನ್ ಎಂದು ಸಂದೇಶ ಹೋಯಿತು ಎಂದ ಮಾತ್ರಕ್ಕೆ ನೀರು ಬಂತೆಂದಲ್ಲ. ಒಂದು ಫೇಸಿನ ತಂತಿಗೆ ಕರೆಂಟ್ ಅಳೆಯುವ ಬಳೆ ಹಾಕಿ, ಆಂಪಿಯರ್ ಎಷ್ಟೆಂದು ವಾಪಸ್ಸು ಕಳಿಸುವಂತೆ ಮಾಡಿ. ಮಾಮೂಲಿಗಿಂತ ತೀರಾ ಕಡಿಮೆ ಎಂದರೆ ಹಳ್ಳ ಬತ್ತಿ ಪಂಪ್ ಒಣ ಓಡುತ್ತಿದೆ, ಹೆಚ್ಚಿದ್ದರೆ ಬೇರೊಂದು ಫೇಸ್ ಹೋಗಿದೆ ಅಥವಾ ಪಂಪ್ ಸಿಕ್ಕಿಕೊಂಡಿದೆ. ಎರಡಕ್ಕೂ ಹಳ್ಳದ ಘಟಕವೇ ಮನೆಯ ಅಪ್ಪಣೆ ಕಾಯದೆ ನಿಲ್ಲಿಸಬೇಕು, ಸಂಪರ್ಕ ಹತ್ತು ನಿಮಿಷ ಕಡಿದರೂ ನಿಲ್ಲಿಸಬೇಕು. ಫೇಸ್ ತಪ್ಪಿದಾಗ ಕಡಿಯುವ ಪ್ರಿವೆಂಟರ್ ಈಗ ಇದ್ದರೆ ಅದನ್ನು ತೆಗೆಯಬೇಡಿ.  ಮಣ್ಣಿನ ತೇವ, ಮಳೆ ಅಳೆಯುವ ಸೆನ್ಸರ್ ಮುಂದೆಂದಾದರೂ ಬೇಕೆನಿಸಿದರೆ ಇದೇ ಲೋರಾಗೆ ಸೇರಿಸಬಹುದು.

ಮಾರ್ಚ್‌ನಿಂದ ಮೇ ತನಕದ ಗುಡುಗಿನ ಮಳೆ ಈ ಎಲ್ಲದರ ಶತ್ರು. ಕಣದ ಕಂಬಕ್ಕೆ ಪ್ರತ್ಯೇಕ ಅರ್ತಿಂಗ್, ಕೇಬಲ್ಲಿನ ಎರಡೂ ತುದಿಯಲ್ಲಿ ನೆಟ್‌ವರ್ಕ್ ಸರ್ಜ್ ಪ್ರೊಟೆಕ್ಟರ್, ಅದರ ನೆಲದ ತಂತಿ ಗಿಡ್ಡವಾಗಿ ನೇರವಾಗಿ ಅರ್ತಿಂಗ್‌ಗೆ. ನೇರ ಬಡಿದ ಸಿಡಿಲನ್ನು ಇದು ತಡೆಯದು, ಅಕ್ಕಪಕ್ಕ ಬಿದ್ದದ್ದರ ಹೊಡೆತಕ್ಕೆ ಸಾಕಾಗುತ್ತದೆ. ಗುಡುಗು ಶುರುವಾಗುವ ಮುಂಚೆ ಮನೆಯಲ್ಲಿ ರೂಟರಿಗೆ ಬರುವ ಕೇಬಲ್ ಕಿತ್ತಿಡುವ ಅಭ್ಯಾಸ ಇಟ್ಟುಕೊಳ್ಳಿ.

ವಾಕಿಟಾಕಿ ಕೇಳಿದ್ದೀರಿ. ಲೈನ್ ಮನೆ (ಕೂಲಿಯವರ ಸಾಲುಮನೆ), ಕಣ, ಗೋಡೌನ್ ನಡುವೆ ರೈಟರ (ತೋಟದ ಮೇಲ್ವಿಚಾರಕ) ಜೊತೆ ಮಾತಾಡಲು ಒಳ್ಳೆಯದೇ, ಫೋನು ಸಿಗದ ಕಡೆಯಲ್ಲಂತೂ ಹೌದು. ಪರವಾನಗಿ ಇಲ್ಲದೆ ಬಳಸಲು ನಮ್ಮಲ್ಲಿ ಬಿಟ್ಟಿರುವುದು 446.0-446.2 ಮೆಗಾಹರ್ಟ್ಸ್, ಅರ್ಧ ವ್ಯಾಟ್ ಮಿತಿಯಲ್ಲಿ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುವ ಐದು ವ್ಯಾಟಿನ, ಯಾವ ತರಂಗಾಂತರಕ್ಕೆ ಬೇಕಾದರೂ ತಿರುಗಿಸಬಹುದಾದ ಸೆಟ್‌ಗಳು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಕೊಳ್ಳುವಾಗ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಇಟಿಎ ಅನುಮೋದನೆ ಇದೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಮಾದರಿಯ ಹೆಸರು ಬರೆಸಿಕೊಳ್ಳಿ. ಕಾಫಿಯ ನಡುವೆ ಅರ್ಧ ವ್ಯಾಟ್ ಅರ್ಧ ಕಿಲೋಮೀಟರಿನ ಆಚೀಚೆ ಬಂದೀತು, ಕಣದ ಮೇಲೆ ನಿಂತು ಮಾತಾಡಿದರೆ ಇನ್ನೂ ದೂರ.